‘ಇಂಪಾಸ್’ ಅಂದರೆ ನಾಳೆಯೇ ಮುಷ್ಕರನಾ?

ಪ್ರಶ್ನೆ: ಬೆಂಗಳೂರಿನ ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದೆ. ಈಗ ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಯಲ್ಲಿ ಟೀಚರ್. ಯೂನಿಯನ್ ಕಳಿಸುವ ಮೇಲ್‌ಗಳಲ್ಲಿ ‘ಸನ್‌ಶೈನ್’, ‘ಫ್ಯಾಕ್ಟ್ ಫೈಂಡಿಂಗ್’, ‘ಗ್ರೀವನ್ಸ್’ ಅಂತೆಲ್ಲ ಇರುತ್ತೆ, ಒಂದೂ ತಲೆಗೆ ಹತ್ತಲ್ಲ. ಮೊನ್ನೆ ‘ಇಂಪಾಸ್ ಘೋಷಣೆಯಾಗಿದೆ’ ಅಂತ ಬಂತು. ಮುಷ್ಕರ ಆಗುತ್ತಾ? ಯೂನಿಯನ್‌ಗೆ ಚಂದಾ ಕಟ್ಟಲೇಬೇಕಾ?

ಉತ್ತರ: ಗಾಬರಿ ಬೇಡ. ಯೂನಿಯನ್ನಿಗೂ ಡಿಸ್ಟ್ರಿಕ್ಟಿಗೂ (ಅಂದರೆ ನಿಮ್ಮ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಕ್ಕೂ) ನಡುವಿನ ಒಪ್ಪಂದದ ಮಾತುಕತೆ ಮುಂದಕ್ಕೆ ಹೋಗದೆ ನಿಂತುಬಿಟ್ಟಿದೆ, ಇಂಪಾಸ್ ಅಂದರೆ ಅಷ್ಟೇ.

ನಿಮ್ಮಲ್ಲಿ ಇದಕ್ಕೆಲ್ಲ 1975ರ ಕಾನೂನಿದೆ, ರೊಡ್ಡಾ ಕಾಯ್ದೆ ಅನ್ನುತ್ತಾರೆ. ಯೂನಿಯನ್ನೂ ಡಿಸ್ಟ್ರಿಕ್ಟೂ ತಮ್ಮ ಮೊದಲ ಬೇಡಿಕೆಗಳನ್ನು ಶಾಲಾ ಮಂಡಳಿಯ ಬಹಿರಂಗ ಸಭೆಯಲ್ಲಿ ಇಡಬೇಕು, ಊರಿನವರಿಗೆ ಮಾತಾಡಲು ಅವಕಾಶ ಕೊಡಬೇಕು. ಅದೇ ಸನ್‌ಶೈನ್. ಹಪ್ಪಳದ ಥರ ಬಿಸಿಲಿಗೆ ಹಾಕೋದು ಅನ್ನಿ!

ಆಮೇಲಿನ ಚೌಕಾಸಿ ಕೋಣೆಯೊಳಗೆ. ಅದು ಕೆಟ್ಟು ನಿಂತರೆ ಯಾರಾದರೂ ಒಬ್ಬರು ಇಂಪಾಸ್ ಘೋಷಿಸಬಹುದು. ಅದು ನಿಜವಾ ಅಂತ ತೀರ್ಮಾನಿಸುವುದು ‘ಪರ್ಬ್’ ಎಂಬ ರಾಜ್ಯ ಮಂಡಳಿ. ಅದು ಒಪ್ಪಿದರೆ ಮೊದಲು ಮಧ್ಯಸ್ಥರು ಬರುತ್ತಾರೆ. ಅವರಿಂದಲೂ ಆಗದಿದ್ದರೆ ಫ್ಯಾಕ್ಟ್ ಫೈಂಡಿಂಗ್: ಎರಡೂ ಕಡೆಯಿಂದ ಒಬ್ಬೊಬ್ಬರು, ಮೇಲೊಬ್ಬ ಅಧ್ಯಕ್ಷರು, ಒಟ್ಟು 3 ಜನ. ಡಿಸ್ಟ್ರಿಕ್ಟ್ ಹತ್ತಿರ ದುಡ್ಡೆಷ್ಟಿದೆ, ಅಕ್ಕಪಕ್ಕದಲ್ಲಿ ಸಂಬಳ ಎಷ್ಟು, ಎಲ್ಲ ಲೆಕ್ಕ ನೋಡಿ ಸಲಹೆ ಬರೆಯುತ್ತಾರೆ. ಬರೀ ಸಲಹೆ, ಯಾರೂ ಒಪ್ಪಲೇಬೇಕೆಂದಿಲ್ಲ. ಅಲ್ಲಿಗೂ ಬಗೆಹರಿಯದಿದ್ದರೆ ಡಿಸ್ಟ್ರಿಕ್ಟ್ ತನ್ನ ಕೊನೆಯ ಆಫರನ್ನು ಹೇರಬಹುದು, ಯೂನಿಯನ್ ಮುಷ್ಕರಕ್ಕೆ ಇಳಿಯಬಹುದು. 2019ರ ಜನವರಿಯಲ್ಲಿ ಲಾಸ್ ಏಂಜಲೀಸ್ ಟೀಚರುಗಳು 6 ದಿನ ಪಾಠ ನಿಲ್ಲಿಸಿದ್ದು ಇಷ್ಟೆಲ್ಲ ಮೆಟ್ಟಿಲು ದಾಟಿದ ಮೇಲೆ.

ಗ್ರೀವನ್ಸ್ ವಿಷಯದಲ್ಲಿ ನಮ್ಮವರು ಜಾಸ್ತಿ ಎಡವುತ್ತಾರೆ. ಅಹವಾಲು ಅಂದುಕೊಂಡು ಮನಸ್ಸಿನ ಬೇಜಾರನ್ನೆಲ್ಲ ಬರೆದುಕೊಡುತ್ತಾರೆ. ಪ್ರಿನ್ಸಿಪಾಲರು ಸಿಡುಕಿದರು ಅಂದರೆ ಸುಮ್ನೆ ಗ್ರೀವನ್ಸ್ ಆಗಲ್ಲ. ತರಗತಿಗೆ 30 ಮಕ್ಕಳೇ ಮಿತಿ ಅಂತ ಒಪ್ಪಂದದಲ್ಲಿದ್ದು ನಿಮಗೆ 34 ಮಕ್ಕಳನ್ನು ಕೊಟ್ಟಿದ್ದರೆ, ಅದು ಗ್ರೀವನ್ಸ್. ಒಪ್ಪಂದದ ಯಾವ ಕಲಂ ಮುರಿದಿದೆ ಅಂತ ಬೆರಳಿಟ್ಟು ತೋರಿಸಬೇಕು. ಇಷ್ಟು ದಿನದೊಳಗೆ ಕೊಡಬೇಕೆಂಬ ಗಡುವೂ ಅಲ್ಲೇ ಇರುತ್ತೆ, ಮೊದಲು ಅದನ್ನು ನೋಡಿ. ಎಷ್ಟೋ ಒಳ್ಳೆ ಕೇಸುಗಳು ಗಡುವು ದಾಟಿಯೇ ಬಿದ್ದುಹೋಗುತ್ತವೆ.

ಚಂದಾ ಕಡ್ಡಾಯವಲ್ಲ. 2018ರ ಜೇನಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಹಾಗೆ ತೀರ್ಪು ಕೊಟ್ಟಿದೆ. ಸದಸ್ಯರಲ್ಲದಿದ್ದರೂ ಒಪ್ಪಂದ ನಿಮಗೂ ಅನ್ವಯಿಸುತ್ತೆ. ಆದರೆ ಒಪ್ಪಂದ ಮತಕ್ಕೆ ಬಂದಾಗ ಕೈ ಎತ್ತುವುದು ಸಾಮಾನ್ಯವಾಗಿ ಸದಸ್ಯರು ಮಾತ್ರ. ನನ್ನ ಸಂಬಳ, ನನ್ನ ತರಗತಿಯ ವಿಷಯ ಅಲ್ವಾ? ನಾನಾಗಿದ್ದರೆ ಕಟ್ಟುತ್ತಿದ್ದೆ.