ಅಪ್ಪನಿಗೆ ಡಾಕ್ಟರ್ ಮಗಳು ಬೇಕಿತ್ತು, ಈಗ ನಾನು ಡಿಎನ್‌ಪಿಗೆ ಸೇರ್ಲಾ ಬೇಡ್ವಾ ಅಕ್ಕ?

ಈ ವಾರ ಬಂದಿರೋ ಕಾಗದ ತುಂಬಾ ಉದ್ದ ಇದೆ, ಮುಖ್ಯವಾದಷ್ಟನ್ನ ಮಾತ್ರ ಇಲ್ಲಿ ಹಾಕ್ತಿದೀನಿ:

"ಅಕ್ಕ, ನನಗೆ 39. ತೀರ್ಥಹಳ್ಳಿ ಕಡೆಯವಳು, ಈಗ ಅಮೆರಿಕಾದ ಟೆಕ್ಸಸ್ ರಾಜ್ಯದ ಹೂಸ್ಟನ್‌ನಲ್ಲಿದೀನಿ. ಬೆಂಗಳೂರಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿ ಇಲ್ಲಿನ ನರ್ಸ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಬರ್ದು ಬಂದೆ, ಆಮೇಲೆ ಇಲ್ಲೇ ಎಂಎಸ್‌ಎನ್, ಅಂದ್ರೆ ನರ್ಸಿಂಗ್ ಮಾಸ್ಟರ್ಸ್ ಮಾಡ್ಕೊಂಡೆ, ಐದು ವರ್ಷದಿಂದ ಒಂದು ಕ್ಲಿನಿಕ್‌ನಲ್ಲಿ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ (ಎನ್‌ಪಿ), ಅಂದ್ರೆ ಪೇಷಂಟ್ ಪರೀಕ್ಷೆ ಮಾಡಿ ಔಷಧಿ ಬರೆಯೋ ನರ್ಸ್ ಆಗಿದೀನಿ. ಈಗ ಡಿಎನ್‌ಪಿ, ಅಂದ್ರೆ ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್ ಅನ್ನೋ ನರ್ಸಿಂಗ್ ಡಾಕ್ಟರೇಟ್ ಮಾಡೋ ಆಸೆ. ನೋಡಿಟ್ಟಿರೋ ಆನ್‌ಲೈನ್ ಕೋರ್ಸ್‌ಗೆ 42,000 ಡಾಲರ್. ಸಂಬಳ ಜಾಸ್ತಿ ಆಗುತ್ತೆ ಅಂತ ನಮ್ಮನೆಯವರಿಗೆ ಹೇಳಿದ್ದೆ, ಅವರು ವಿಚಾರಿಸಿ 'ಆಗಲ್ವಂತೆ, ಮತ್ಯಾಕೆ ಇದೆಲ್ಲ' ಅಂದ್ರು, ಅವತ್ತಿಂದ ಮಾತು ಕಮ್ಮಿ ಆಗಿದೆ. ಮಕ್ಕಳಿಗೆ 11, 6. ಊರಲ್ಲಿ ಅಪ್ಪನಿಗೆ ಸ್ಟ್ರೋಕ್ ಆಗಿ ಒಂದು ವರ್ಷ ಆಯ್ತು. ರಿಟೈರ್ಡ್ ಮೇಷ್ಟ್ರು ಅವರು. 2004ರ ಸಿಇಟಿಲಿ ನನಗೆ ಮೆಡಿಕಲ್ ಸೀಟು ತಪ್ಪಿದಾಗ ಮೂರು ದಿನ ಸರಿಯಾಗಿ ಊಟ ಮಾಡ್ಲಿಲ್ಲ, ಇವತ್ತಿಗೂ ಯಾರಾದ್ರೂ ಕೇಳಿದ್ರೆ 'ಮಗಳು ಅಮೆರಿಕಾದಲ್ಲಿ ಆಸ್ಪತ್ರೆಲಿದಾಳೆ' ಅಂತಾರೆ, ನರ್ಸ್ ಅನ್ನಲ್ಲ. ಅವರು ಹೋಗೋದ್ರೊಳಗೆ ನನ್ನ ಹೆಸರಿನ ಮುಂದೆ ಡಾಕ್ಟರ್ ಅಂತ ಒಂದ್ಸಲ ನೋಡ್ಲಿ ಅಂತ ಆಸೆ. ಇನ್ಮುಂದೆ ಡಿಎನ್‌ಪಿ ಇಲ್ದಿದ್ರೆ ಕೆಲಸಾನೇ ಇರಲ್ಲ ಅಂತ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಬೇರೆ ಹೇಳ್ತಾರೆ. ಏನ್ ಮಾಡ್ಲಿ? ತಂಗಿ ಅಂದ್ಕೊಂಡು ಹೇಳಿ."

ತಂಗಿ ಅಂದ್ಕೊಂಡು ಹೇಳಿ ಅಂದಿದೀಯ, ಹಾಗಾಗಿ ನೀನು ಅಂತಾನೇ ಬರೀತೀನಿ, ಬೇಜಾರಾಗ್ಬೇಡ.

ಮೊದ್ಲು ಆ ವಾಟ್ಸಾಪ್ ಭಯ ತೆಗ್ದಾಕೋಣ. ಆ ಮಾತು ಹುಟ್ಟಿದ್ದು ಎಲ್ಲಿಂದ ಅಂದ್ರೆ, 2004ರಲ್ಲಿ ಅಮೆರಿಕಾದ ನರ್ಸಿಂಗ್ ಕಾಲೇಜುಗಳ ಸಂಘ ಎಎಸಿಎನ್ ಒಂದು ನಿಲುವು ತಗೊಳ್ತು, 2015ರ ಹೊತ್ತಿಗೆ ಅಡ್ವಾನ್ಸ್ಡ್ ಪ್ರಾಕ್ಟೀಸ್‌ಗೆ, ಅಂದ್ರೆ ನಿನ್ನಂಥ ಎನ್‌ಪಿ ಥರದ ಕೆಲಸಕ್ಕೆ ಬರೋರೆಲ್ಲ ಮಾಸ್ಟರ್ಸ್ ಬದ್ಲು ಡಾಕ್ಟರೇಟ್ ಮಾಡ್ಕೊಂಡೇ ಬರ್ಬೇಕು ಅಂತ. 2015 ಬಂತು, ಹೋಯ್ತು. ಆಮೇಲೆ 2018ರಲ್ಲಿ ನರ್ಸ್ ಪ್ರಾಕ್ಟೀಷನರ್ ಮೇಷ್ಟ್ರುಗಳ ಸಂಘ ಎನ್‌ಒಎನ್‌ಪಿಎಫ್, ಸರಿ 2025ಕ್ಕೆ ಮಾಡೋಣ ಅಂತು. ಎರಡೂ ಸಂಘದವರ ಗುರಿ ಅಷ್ಟೇ, ಸರ್ಕಾರದ ಕಾನೂನಲ್ಲ. ನಿಜವಾಗ್ಲೂ ಕಡ್ಡಾಯ ಆಗಿರೋದು ಅನಸ್ತೇಷಿಯಾ ನರ್ಸ್‌ಗಳಿಗೆ, 2022ರಿಂದ ಆ ಕೋರ್ಸಿಗೆ ಸೇರೋರೆಲ್ಲ ಡಾಕ್ಟರೇಟ್ ಮಟ್ಟದಲ್ಲೇ ಓದ್ಬೇಕು. ನೀನು ಫ್ಯಾಮಿಲಿ ಎನ್‌ಪಿ, ಸರ್ಟಿಫಿಕೇಟ್ ಇದೆ ಲೈಸೆನ್ಸ್ ಇದೆ, ಟೈಮಿಗೆ ಸರಿಯಾಗಿ ರಿನ್ಯೂ ಮಾಡ್ಕೊಂಡಿದ್ರೆ ಡಿಎನ್‌ಪಿ ಇಲ್ಲ ಅಂತ ಅದನ್ನ ಯಾರೂ ಕಿತ್ಕೊಳಲ್ಲ. ಭಯಕ್ಕೆ ಬಿದ್ದು 42,000 ಡಾಲರ್ ಕಟ್ಬೇಡ.

ಇನ್ನು ಸಂಬಳ. ನಿನ್ನ ಗಂಡ ವಿಚಾರಿಸಿ ಹೇಳಿದ್ದು ಹೆಚ್ಚುಕಮ್ಮಿ ಸರಿನೇ ಇದೆ ಕಣಮ್ಮ. ಎನ್‌ಪಿ ಹೆಸರಲ್ಲಿ ಬಿಲ್ ಹೋದ್ರೆ ಮೆಡಿಕೇರ್ (ಅಲ್ಲಿ ಮುಖ್ಯವಾಗಿ ವಯಸ್ಸಾದೋರಿಗಿರೋ ಸರ್ಕಾರಿ ವಿಮೆ) ಕೊಡೋದು ಡಾಕ್ಟರ್ ರೇಟಿನ 85 ಪರ್ಸೆಂಟ್, ಆ ಎನ್‌ಪಿ ಎಂಎಸ್‌ಎನ್ ಮಾಡಿದ್ರೂ ಅಷ್ಟೇ ಡಿಎನ್‌ಪಿ ಮಾಡಿದ್ರೂ ಅಷ್ಟೇ. ನಿನ್ನಿಂದ ಕ್ಲಿನಿಕ್ಕಿಗೆ ಬರೋ ದುಡ್ಡು ಬದಲಾಗಲ್ಲ ಅಂದ್ಮೇಲೆ ಅವ್ರು ನಿನಗೆ ಯಾಕೆ ಜಾಸ್ತಿ ಕೊಡ್ತಾರೆ? ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಸ್ವಲ್ಪ ಏರಿಸ್ತಾರೆ, ಟೀಚಿಂಗಿಗೋ ಅಡ್ಮಿನಿಸ್ಟ್ರೇಷನ್ನಿಗೋ ಹೋದ್ರೆ ಬೇರೆ ಲೆಕ್ಕ, ಆದ್ರೆ ಅದೇ ಕ್ಲಿನಿಕ್ಕಲ್ಲಿ ಅದೇ ಕುರ್ಚಿ ಮೇಲೆ ಕೂತ್ಕೊಂಡು ಹಾಕಿದ ದುಡ್ಡು ವಾಪಸ್ ಬರುತ್ತೆ ಅಂತ ಲೆಕ್ಕ ಹಾಕ್ಬೇಡ. ಅಧಿಕಾರಾನೂ ಬದಲಾಗಲ್ಲ. ಟೆಕ್ಸಸ್‌ನಲ್ಲಿ ನೀನು ಔಷಧಿ ಬರೀಬೇಕಾದ್ರೆ ಒಬ್ಬ ಫಿಸಿಷಿಯನ್ ಜೊತೆ ಅಗ್ರಿಮೆಂಟ್ ಇರ್ಲೇಬೇಕು, ಡಿಎನ್‌ಪಿ ಬಂದ್ಮೇಲೂ ಇರ್ಲೇಬೇಕು. ಪಕ್ಕದ ನ್ಯೂ ಮೆಕ್ಸಿಕೋದಲ್ಲಿ ಅದು ಬೇಡ, ಆದ್ರೆ ಅಲ್ಲಿ ಎಂಎಸ್‌ಎನ್ ಎನ್‌ಪಿಗೂ ಬೇಡ. ಏನ್ ಮಾಡ್ಬಹುದು ಏನ್ ಮಾಡೋ ಹಾಗಿಲ್ಲ ಅಂತ ಹೇಳೋದು ರಾಜ್ಯ ಮತ್ತೆ ಲೈಸೆನ್ಸು.

ಹಾಗಾದ್ರೆ ಬೇಡ ಅಂತೀರಾ ಅಂತ ಕೇಳ್ತೀಯ. ತಡಿ, ಅಲ್ಲಿಗೇ ಬರ್ತಿದೀನಿ. ನಿನ್ನ ಕಾಗದದಲ್ಲಿ ನಾನು ಇಲ್ಲಿ ಹಾಕದೇ ಬಿಟ್ಟ ಒಂದು ಭಾಗ ಇದೆ, ಬಹುಶಃ ನೀನೇ ಮರ್ತಿರ್ತೀಯ. ಡಿಗ್ರಿ ಬಗ್ಗೆ ಬರ್ದಿರೋದು ಏಳೆಂಟು ಸಾಲು, ಆದ್ರೆ ಅದಕ್ಕಿಂತ ಮುಂಚೆ ಪೂರ್ತಿ ಒಂದು ಪುಟ ನಿನ್ನ ಶುಗರ್ ಪೇಷಂಟ್‌ಗಳ ಕಾಲಿನ ಬಗ್ಗೆ ಬರ್ದಿದೀಯ. ಕಟ್ಟಡ ಕೆಲಸಕ್ಕೆ ಹೋಗೋ ಸ್ಪ್ಯಾನಿಷ್ ಮಾತಾಡೋ ಗಂಡಸರು, ದಪ್ಪ ಬೂಟು ಹಾಕ್ಕೊಂಡು ಬರ್ತಾರೆ, 15 ನಿಮಿಷದ ವಿಸಿಟ್‌ನಲ್ಲಿ ಬೂಟು ಬಿಚ್ಚಿಸಿ ಕಾಲು ನೋಡೋಕೆ ಟೈಮೇ ಸಿಗಲ್ಲ, ಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ನೋಡಿ ಮಾತ್ರೆ ಬರ್ದು ಕಳಿಸ್ತೀವಿ, ಆರು ತಿಂಗಳಾದ್ಮೇಲೆ ಬೆರಳು ಕತ್ತರಿಸ್ಕೊಂಡು ಬರ್ತಾರೆ ಅಂತ. "ಕಾಲು ಮರಗಟ್ಟಿರೋದು ಅವರಿಗೇ ಗೊತ್ತಿರಲ್ಲ ಅಕ್ಕ, ಮೊಳೆ ಚುಚ್ಚಿದ್ರೂ ಗೊತ್ತಾಗಲ್ಲ, ನಾನಾದ್ರೂ ನೋಡ್ಬೇಕಿತ್ತು" ಅಂತ ಬರ್ದಿದೀಯ. ಆ ಸಾಲು ಓದಿ ಕಾಗದ ಪಕ್ಕಕ್ಕಿಟ್ಟು ಸುಮ್ನೆ ಕೂತಿದ್ದೆ ಸ್ವಲ್ಪ ಹೊತ್ತು. ನಾನು ಇಪ್ಪತ್ತೈದು ವರ್ಷ ನರ್ಸಿಂಗ್ ಪಾಠ ಮಾಡಿದವಳು, ಯಾರು ಮಾರ್ಕ್ಸ್‌ಗೆ ಓದ್ತಾರೆ ಯಾರಿಗೆ ಪೇಷಂಟ್ ಕಣ್ಮುಂದೆ ಇರ್ತಾನೆ ಅಂತ ಗೊತ್ತಾಗುತ್ತೆ.

ತಂಗಿ, ಡಿಎನ್‌ಪಿ ಇರೋದೇ ಇಂಥದ್ದಕ್ಕೆ. ಪಿಎಚ್‌ಡಿ ಮಾಡೋರು ಹೊಸ ಜ್ಞಾನ ಹುಡುಕ್ತಾರೆ, ವರ್ಷಗಟ್ಟಲೆ ಒಂದು ಪ್ರಶ್ನೆ ಹಿಡ್ಕೊಂಡು ಥೀಸಿಸ್ ಬರೀತಾರೆ. ಡಿಎನ್‌ಪಿಲಿ ಈಗಾಗ್ಲೇ ಗೊತ್ತಿರೋದನ್ನ ಗೊತ್ತಿದ್ದೂ ಯಾಕೆ ಮಾಡ್ತಿಲ್ಲ, ಮಾಡೋ ಹಾಗೆ ಹೇಗೆ ಮಾಡೋದು ಅಂತ ಕಲಿಸ್ತಾರೆ. ಶುಗರ್ ಇರೋರ ಕಾಲನ್ನ ವರ್ಷಕ್ಕೊಂದ್ಸಲ ಆದ್ರೂ ಪೂರ್ತಿಯಾಗಿ ನೋಡ್ಬೇಕು ಅಂತ ಎಲ್ಲ ಗೈಡ್‌ಲೈನಲ್ಲೂ ಇದೆ, ಅದಕ್ಕೆ ಹೊಸ ಸಂಶೋಧನೆ ಬೇಕಾಗಿಲ್ಲ. ನಿಮ್ಮ ಕ್ಲಿನಿಕ್ಕಲ್ಲಿ ಆಗ್ತಿಲ್ಲ, ಅದು ಪ್ರಾಬ್ಲಂ. ಪೇಷಂಟನ್ನ ರೂಮಿಗೆ ಕರ್ಕೊಂಡು ಹೋಗಿ ಬಿಪಿ ನೋಡೋ ಮೆಡಿಕಲ್ ಅಸಿಸ್ಟೆಂಟೇ ಬೂಟು ಸಾಕ್ಸ್ ಬಿಚ್ಚಿಸಿ ಕೂರಿಸಿದ್ರೆ ಏನಾಗುತ್ತೆ? ನೀನು ಒಳಗೆ ಬರೋ ಹೊತ್ತಿಗೆ ಕಾಲು ಎದುರಿಗಿರುತ್ತೆ, ಕಾಲಿಗೆ ಸ್ಪರ್ಶ ಗೊತ್ತಾಗುತ್ತಾ ಅಂತ ಮುಟ್ಟಿಸಿ ನೋಡೋ ನೈಲಾನ್ ಎಳೆ, ಮೊನೊಫಿಲಮೆಂಟ್, ಜೇಬಲ್ಲಿದ್ರೆ ಎರಡು ನಿಮಿಷ ಸಾಕು. ಮೂರು ತಿಂಗಳು ಮುಂಚೆ ಎಷ್ಟು ಜನರ ಕಾಲು ನೋಡಿದ್ರಿ, ಮೂರು ತಿಂಗಳು ಆದ್ಮೇಲೆ ಎಷ್ಟು, ಯಾವ ದಿನ ತಪ್ಪಿಹೋಯ್ತು ಯಾಕೆ ತಪ್ಪಿಹೋಯ್ತು, ಅಸಿಸ್ಟೆಂಟ್ ರಜಾ ಇದ್ದಾಗ ಏನಾಯ್ತು, ಇದನ್ನೆಲ್ಲ ಎಣಿಸಿ ಬರ್ದು ಸರಿ ಮಾಡಿ ಮತ್ತೆ ಎಣಿಸೋದು, ಇದೇ ಡಿಎನ್‌ಪಿ ಪ್ರಾಜೆಕ್ಟು. ಎಷ್ಟೋ ಜನ ಸೇರ್ಕೊಂಡ್ಮೇಲೆ ಟಾಪಿಕ್ ಸಿಗದೇ ಒದ್ದಾಡ್ತಾರೆ, ನಿನಗೆ ಅಪ್ಲಿಕೇಷನ್ ಹಾಕೋಕೆ ಮುಂಚೆನೇ ಇದೆ.

ಹಾಗಾಗಿ ನನ್ನ ಉತ್ತರ, ಮಾಡು. ಆ ಕಾಲುಗಳಿಗೋಸ್ಕರ ಮಾಡು. ಆದ್ರೆ ಈ ವರ್ಷ ಬೇಡ, ಆ 42,000ದ ಕೋರ್ಸೂ ಬೇಡ.

ಯಾಕೆ ಈ ವರ್ಷ ಬೇಡ ಅಂದ್ರೆ ಮನೇಲಿ ಒಂದು ಮಾತು ಬಾಕಿ ಇದೆ. ನಿನ್ನ ಗಂಡ "ಬೇಡ" ಅಂದಿಲ್ಲ, ಇನ್ನೊಂದ್ಸಲ ನೋಡು, "ಮತ್ಯಾಕೆ" ಅಂದಿದಾರೆ. ನೀನು ಸಂಬಳ ಅಂತ ಒಂದು ಕಾರಣ ಕೊಟ್ಟೆ, ಅವರು ಅದನ್ನ ಚೆಕ್ ಮಾಡಿದ್ರು, ನಿಲ್ಲಲಿಲ್ಲ, ಈಗ ಉಳಿದದ್ದನ್ನೂ ನಂಬೋದು ಹೇಗೆ ಅಂತ ಅವರಿಗೆ ಅನ್ಸಿರುತ್ತೆ. ಆ ಬೂಟಿನ ಕಥೆ ಅವರ ಹತ್ರ ಹೇಳಿದೀಯಾ ಯಾವತ್ತಾದ್ರೂ? ಅಪ್ಪನ ವಿಷಯ ಹೇಳಿದೀಯಾ? ನನಗೇನೋ ಹೇಳಿಲ್ಲ ಅನ್ಸುತ್ತೆ. ಮಕ್ಕಳು ಮಲಗಿದ್ಮೇಲೆ ಕೂತು ಹೇಳು, ಸಂಬಳದ ಮಾತು ತಪ್ಪಾಯ್ತು ಅಂತಾನೂ ಹೇಳು. ನಿನ್ನ ಈವ್ನಿಂಗ್ ಶಿಫ್ಟ್ ದಿನ ಅವರೇ ಅಡುಗೆ ಮಾಡಿ ಮಕ್ಕಳಿಗೆ ಹೋಂವರ್ಕ್ ಮಾಡಿಸ್ತಾರೆ ಅಂತ ನೀನೇ ಬರ್ದಿದೀಯ, ಅಂಥೋರಿಗೆ ನಿಜವಾದ ಕಾರಣ ಗೊತ್ತಿರ್ಬೇಕಲ್ವಾ.

ನನ್ನದೂ ಒಂದು ಹೇಳ್ತೀನಿ. ನಾನು ಪಿಎಚ್‌ಡಿಗೆ ಸೇರಿದಾಗ 44. ಡೇಟಾ ಕಲೆಕ್ಷನ್ ನಡೀತಿದ್ದ ವರ್ಷಾನೇ ಮಗನ ಎಸ್‌ಎಸ್‌ಎಲ್‌ಸಿ. ಅವನು ಪಾಸಾದ, ಚೆನ್ನಾಗೇ ಆದ, ಆದ್ರೆ ಆ ವರ್ಷ ಅವನು ಏನ್ ತಿಂದ, ಯಾರ ಜೊತೆ ಇದ್ದ, ಯಾಕೆ ರಾತ್ರಿ ಲೈಟ್ ಹಾಕ್ಕೊಂಡು ಮಲಗ್ತಿದ್ದ ಒಂದೂ ನನಗೆ ನೆನಪಿಲ್ಲ. ಓದಿದ್ದಕ್ಕೆ ಪಶ್ಚಾತ್ತಾಪ ಇಲ್ಲ. ವಾರಕ್ಕೆ ಒಂದು ಸಂಜೆ ಅವನಿಗೆ ಅಂತ ಇಟ್ಕೋಬಹುದಿತ್ತು, ಇಟ್ಕೊಳ್ಳಿಲ್ಲ, ಅದು ಇವತ್ತಿಗೂ ನೋವು. ಅದಕ್ಕೇ ಹೇಳ್ತೀನಿ, ಪಾರ್ಟ್ ಟೈಮ್ ತಗೋ, ಸೆಮಿಸ್ಟರ್‌ಗೆ ಎರಡು ಸಬ್ಜೆಕ್ಟ್ ಮೇಲೆ ಬೇಡ, ಮೂರು ವರ್ಷ ಆದ್ರೂ ಪರ್ವಾಗಿಲ್ಲ. ಯಾವ ಸಂಜೆ ಪುಸ್ತಕ ಮುಟ್ಟಲ್ಲ ಅನ್ನೋದನ್ನ ಸೇರೋಕೆ ಮುಂಚೆನೇ ಮಕ್ಕಳಿಗೆ ಹೇಳಿಬಿಡು.

ದುಡ್ಡಿನ ವಿಷಯಕ್ಕೆ ಬಂದ್ರೆ, ನಿನ್ನ ಹತ್ರ ಎಂಎಸ್‌ಎನ್ ಇರೋದ್ರಿಂದ ನಿನಗೆ ಬೇಕಾಗಿರೋದು ಪೋಸ್ಟ್ ಮಾಸ್ಟರ್ಸ್ ಡಿಎನ್‌ಪಿ. ಡಿಎನ್‌ಪಿಗೆ ಬಿಎಸ್ಸಿ ಆದ್ಮೇಲಿಂದ ಒಟ್ಟು 1,000 ಗಂಟೆ ಪ್ರಾಕ್ಟೀಸ್ ಅವರ್ಸ್ ಕೇಳೋದು ರೂಢಿ, ಎಂಎಸ್‌ಎನ್‌ನಲ್ಲಿ ಮಾಡಿದ್ದು ಅದ್ರಲ್ಲಿ ಲೆಕ್ಕಕ್ಕೆ ಬರುತ್ತೆ, ಅಲ್ಲಿ 600 ಮಾಡಿದ್ರೆ ಉಳಿಯೋದು 400. ಎಷ್ಟನ್ನ ಒಪ್ತಾರೆ ಅಂತ ಕಾಲೇಜಿಂದ ಈಮೇಲ್‌ನಲ್ಲಿ ಬರ್ಸಿ ತಗೋ, ಫೋನಲ್ಲಿ ಹೇಳಿದ್ದು ನಂಬ್ಬೇಡ. ನರ್ಸಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡೋ ಸಿಸಿಎನ್‌ಇ ಅಥವಾ ಎಸಿಇಎನ್ ಸಂಸ್ಥೆಯ ಮಾನ್ಯತೆ ಇದೆಯಾ, ಪ್ರಾಜೆಕ್ಟ್ ಸೈಟು ಅವರೇ ಹುಡುಕಿ ಕೊಡ್ತಾರಾ ನೀನೇ ಹುಡುಕ್ಬೇಕಾ, ನಿನ್ನ ಕ್ಲಿನಿಕ್ಕಲ್ಲೇ ಮಾಡೋಕೆ ಬಿಡ್ತಾರಾ, ಇದಿಷ್ಟೂ ಕೇಳು. ನಿಮ್ಮ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳ ಫೀಸು ಮೊದ್ಲು ನೋಡು, ಪ್ರೈವೇಟ್ ಆನ್‌ಲೈನಿನವರು ದಿನಕ್ಕೆ ಮೂರು ಸಲ ಫೋನ್ ಮಾಡ್ತಾರೆ, ಸರ್ಕಾರಿ ಕಾಲೇಜಿನವರು ಮಾಡಲ್ಲ, ಅಷ್ಟಕ್ಕೇ ಅವರು ಕಣ್ಣಿಗೆ ಬೀಳಲ್ಲ. ಕ್ಲಿನಿಕ್‌ನವರು ಟ್ಯೂಷನ್ ಸಹಾಯ ಕೊಡ್ತಾರಾ ಎಚ್‌ಆರ್‌ ಹತ್ರ ಕೇಳು, ವರ್ಷಕ್ಕೆ 5,250 ಡಾಲರ್‌ವರೆಗೂ ಟ್ಯಾಕ್ಸ್ ಇಲ್ಲದೆ ಕೊಡ್ಬಹುದು, ಮೂರು ವರ್ಷಕ್ಕೆ 15,750 ಆಯ್ತು. ಓದನ್ನ ಮೂರು ವರ್ಷಕ್ಕೆ ಹಂಚ್ಕೊಂಡ್ರೆ ಇದೂ ಒಂದು ಲಾಭ. ಮುಂದೆ ನರ್ಸಿಂಗ್ ಟೀಚರ್ ಆಗೋ ಮನಸ್ಸಿದ್ರೆ ನರ್ಸ್ ಫ್ಯಾಕಲ್ಟಿ ಲೋನ್ ಅಂತ ಇದೆ, ಪಾಠ ಮಾಡ್ತಾ ಹೋದ್ರೆ ಸಾಲದ 85 ಪರ್ಸೆಂಟ್‌ವರೆಗೂ ಮನ್ನಾ ಆಗುತ್ತೆ, ಕಾಲೇಜಲ್ಲಿ ಆ ಸ್ಕೀಮ್ ಇದೆಯಾ ಕೇಳು. ಒಂದು ಎಚ್ಚರ, 2025ರ ಹೊಸ ಕಾನೂನಿನ ಪ್ರಕಾರ 2026ರ ಜುಲೈಯಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ ಅನ್ನೋ ಸರ್ಕಾರಿ ಓದಿನ ಸಾಲ ಸಿಗಲ್ಲ, ಅದಕ್ಕೇ ಸಾಲ ಹೇಗೂ ಸಿಗುತ್ತೆ ಅನ್ನೋ ಹಳೇ ಲೆಕ್ಕ ಹಿಡ್ಕೊಂಡು ಕೂರ್ಬೇಡ.

ಒಂದು ಪ್ರಶ್ನೆಗೆ ನೀನು ಉತ್ತರ ಬರ್ದಿಲ್ಲ. ಊರಿಗೆ ವಾಪಸ್ ಬರೋ ಯೋಚನೆ ಇದೆಯಾ? ಇದ್ರೆ ಸ್ವಲ್ಪ ನಿಂತು ಯೋಚಿಸು, ಯಾಕಂದ್ರೆ ನಮ್ಮಲ್ಲಿ ನರ್ಸ್ ಪ್ರಾಕ್ಟೀಷನರ್ ಅನ್ನೋದು ಇನ್ನೂ ಎಳೇ ಕೂಸು, ಕ್ರಿಟಿಕಲ್ ಕೇರ್‌ನಲ್ಲೂ ಹೆರಿಗೆ ವಿಭಾಗದಲ್ಲೂ ಕೋರ್ಸ್ ಶುರುವಾಗಿದೆ, ನೀನು ಅಲ್ಲಿ ಕೂತ ಹಾಗೆ ಇಲ್ಲಿ ಒಂದು ಕ್ಲಿನಿಕ್ಕಲ್ಲಿ ಕೂತು ಔಷಧಿ ಬರೆಯೋಕಾಗಲ್ಲ. ಇಲ್ಲಿ ಕಾಲೇಜಲ್ಲಿ ಪಾಠ ಮಾಡೋ ಆಸೆ ಇದ್ರೆ ಪಿಎಚ್‌ಡಿನೇ ಎಲ್ಲರಿಗೂ ಅರ್ಥ ಆಗೋ ಡಿಗ್ರಿ. ಅಲ್ಲೇ ಇರ್ತೀನಿ, ಪೇಷಂಟ್ ನೋಡ್ತಾನೇ ಇರ್ತೀನಿ ಅಂದ್ರೆ ಡಿಎನ್‌ಪಿ.

ಈಗ ಅಪ್ಪ.

ಹೆಸರಿನ ಮುಂದೆ ಡಾಕ್ಟರ್ ಅಂತ ನೋಡೋ ಆಸೆ ಇರೋದ್ರಲ್ಲಿ ತಪ್ಪೇನಿಲ್ಲ, ಅದಕ್ಕೆ ನಾಚಿಕೆ ಪಟ್ಕೋಬೇಡ. ಡಿಎನ್‌ಪಿ ಮುಗ್ಸಿದ್ರೆ ನೀನು ಡಾಕ್ಟರೇಟ್ ಇರೋಳು, ಅದು ಸುಳ್ಳಲ್ಲ. ಆದ್ರೆ ಪೇಷಂಟ್ ಎದುರಿಗೆ ಡಾಕ್ಟರ್ ಅಂತ ಹೇಳ್ಕೊಂಡ್ರೆ ನರ್ಸ್ ಪ್ರಾಕ್ಟೀಷನರ್ ಅಂತಾನೂ ಅದೇ ಉಸಿರಲ್ಲಿ ಹೇಳ್ಬೇಕು, ಈ ವಿಷಯದಲ್ಲಿ ಅಲ್ಲಿ ರಾಜ್ಯಕ್ಕೊಂದು ಕಾನೂನು, ಕ್ಯಾಲಿಫೋರ್ನಿಯಾದಲ್ಲಿ 2023ರಲ್ಲಿ ಡಾಕ್ಟರ್ ಅಂತ ಹೇಳ್ಕೊಳ್ಳೋಕೆ ಬಿಡಿ ಅಂತ ಮೂವರು ಡಿಎನ್‌ಪಿ ನರ್ಸ್‌ಗಳು ಕೋರ್ಟಿಗೇ ಹೋದ್ರು. 2004ರಲ್ಲಿ ಅಪ್ಪ ಕಂಡ ಕನಸಿನ ಡಾಕ್ಟರ್ ಬೇರೆ, ಈ ಡಾಕ್ಟರ್ ಬೇರೆ, ಅದು ನಿನಗೂ ಗೊತ್ತು. ಜೊತೆಗೆ ಮೂರು ವರ್ಷ ಅನ್ನೋದು ಸ್ಟ್ರೋಕ್ ಆದ ವಯಸ್ಸಾದೋರಿಗೆ ಬಹಳ ದೊಡ್ಡ ಕಾಲ. ಅಪ್ಪನಿಗೆ ಹೇಳೋ ಮಾತನ್ನ ಆ ಸರ್ಟಿಫಿಕೇಟ್ ಬರೋತನಕ ಕಟ್ಟಿಡ್ಬೇಡ.

ನಿನ್ನ ಅಪ್ಪನಿಗೆ ನರ್ಸ್ ಅಂದ್ರೆ ಏನು ಗೊತ್ತು? ಅವರ ಕಾಲದ ಸರ್ಕಾರಿ ಆಸ್ಪತ್ರೆ, ಬಿಳೀ ಡ್ರೆಸ್ಸು, ಡಾಕ್ಟರ್ ಹಿಂದೆ ಟ್ರೇ ಹಿಡ್ಕೊಂಡು ನಿಂತಿರೋ ಹುಡುಗಿ. ನೀನು ಇವತ್ತು ಏನ್ ಮಾಡ್ತೀಯ ಅಂತ ಅವರಿಗೆ ಬಿಡಿಸಿ ಹೇಳಿದೋರು ಯಾರು? ಅವರಿಗೆ ಇನ್ನೊಬ್ಬ ನರ್ಸೂ ಗೊತ್ತಿರ್ತಾಳೆ, ಮಲೆನಾಡಲ್ಲಿ ಮಳೆಗಾಲದಲ್ಲಿ ಹಳ್ಳ ದಾಟಿ ಹೆರಿಗೆ ಮಾಡ್ಸೋಕೆ ಬರ್ತಿದ್ದ ನರ್ಸಮ್ಮ. ನಿನ್ನ ಕೆಲಸ ಹುಟ್ಟಿದ್ದೂ ಹಾಗೇ, 1965ರಲ್ಲಿ ಕೊಲರಾಡೋದಲ್ಲಿ ಲೊರೆಟ್ಟಾ ಫೋರ್ಡ್ ಅನ್ನೋ ನರ್ಸು ಮತ್ತೆ ಹೆನ್ರಿ ಸಿಲ್ವರ್ ಅನ್ನೋ ಮಕ್ಕಳ ಡಾಕ್ಟರು ಸೇರಿ ಮೊದಲ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಶುರು ಮಾಡಿದ್ರು, ಡಾಕ್ಟರ್ ಕೈಗೆ ಸಿಗದ ಮಕ್ಕಳನ್ನ ನರ್ಸೇ ಪರೀಕ್ಷೆ ಮಾಡಿ ನೋಡ್ಕೊಳ್ಲಿ ಅಂತ. ಇದನ್ನ ಅಪ್ಪನಿಗೆ ಹೇಳು. ಮೇಷ್ಟ್ರು ಅವರು, ಪಾಠದ ಹಾಗೆ ನಿಧಾನಕ್ಕೆ ಹೇಳಿದ್ರೆ ಕೇಳ್ತಾರೆ.

ಈ ಭಾನುವಾರ ವಿಡಿಯೋ ಕಾಲ್ ಮಾಡಿದಾಗ ಶುಗರ್ ಎಷ್ಟು, ಮಾತ್ರೆ ತಗೊಂಡ್ರಾ ಅಂತಷ್ಟೇ ಕೇಳಿ ಇಡ್ಬೇಡ. ನಿನ್ನ ಹೆಸರಿರೋ ಖಾಲಿ ಪ್ರಿಸ್ಕ್ರಿಪ್ಷನ್ ಹಾಳೆ ಒಂದನ್ನ ಕ್ಯಾಮೆರಾಗೆ ಹಿಡಿದು ತೋರ್ಸು, ಕನ್ನಡಕ ಹಾಕ್ಕೊಂಡು ನಿಧಾನಕ್ಕೆ ಓದ್ಲಿ. ಆಮೇಲೆ ಅಮ್ಮನಿಗೆ ಹೇಳಿ ಅಪ್ಪನ ಸಾಕ್ಸ್ ಬಿಚ್ಚಿಸು, ಫೋನನ್ನ ಕಾಲಿನ ಹತ್ರ ಹಿಡಿಯೋಕೆ ಹೇಳು, ಬೆರಳ ಸಂದಿ, ಹಿಮ್ಮಡಿ, ಅಂಗಾಲು ಎಲ್ಲ ನೋಡು. ನೋಡ್ತಾ ನೋಡ್ತಾ ಬೂಟು ಹಾಕ್ಕೊಂಡು ಬರೋ ಆ ಗಂಡಸರ ಕಥೆ ಹೇಳು.