ನೆಟ್ ಪಡಸಾಲೆಗೆ ಬಂತು, ಅಡಿಗೆಮನೆಗೆ ಬರಲಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ನೆಟ್ ಬಗ್ಗೆಯೇ. ಎಲ್ಲರ ಸಿಟ್ಟೂ ಕಂಪನಿ ಮೇಲೆ. ಕೆಲವರ ಸಿಟ್ಟು ನ್ಯಾಯವಾದದ್ದು, ಕೆಲವರದು ಅಲ್ಲ. ಆಯ್ದ ಐದಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ನಮ್ಮದು ಮಾಳಮಡ್ಡಿಯಲ್ಲಿ ಅಜ್ಜನ ಕಾಲದ ಮನೆ. 100 ಎಂಬಿಪಿಎಸ್ ಪ್ಲಾನ್ ಹಾಕಿಸಿದ್ದೇವೆ. ಪಡಸಾಲೆಯಲ್ಲಿ ನೆಟ್ ಓಡುತ್ತೆ, ನಡುಮನೆಗೆ ಬಂದರೆ ಕುಂಟುತ್ತೆ, ಅಡಿಗೆಮನೆಯಲ್ಲಿ ಇಲ್ಲವೇ ಇಲ್ಲ. ಕಂಪನಿಗೆ ಫೋನ್ ಮಾಡಿದರೆ "ನಮ್ಮ ಕಡೆ ಎಲ್ಲಾ ಬರೋಬರಿ ಐತ್ರಿ" ಅಂತಾರೆ. 200ರ ಪ್ಲಾನ್ ತಗೊಂಡ್ರೆ ಸರಿಹೋಗುತ್ತಾ?
– ಗೃಹಿಣಿ, ಧಾರವಾಡ

ಉತ್ತರ: ಹೋಗಲ್ಲ. ದುಡ್ಡು ಸುಮ್ನೆ ಕಳೀಬೇಡಿ.

ನಿಮ್ಮ ಫೋನಿಗೆ ನೆಟ್ ಬರುವ ದಾರಿಯಲ್ಲಿ ಎರಡು ತುಂಡುಗಳಿವೆ. ಕಂಪನಿಯಿಂದ ನಿಮ್ಮ ಗೋಡೆ ಮೇಲಿನ ಡಬ್ಬಿವರೆಗೆ (ಅದೇ ರೂಟರ್) ಒಂದು, ಆ ಡಬ್ಬಿಯಿಂದ ನಿಮ್ಮ ಕೈಯವರೆಗೆ ಇನ್ನೊಂದು. ಮೊದಲನೆಯದು ಫೈಬರ್, ಅಂದರೆ ಕೂದಲೆಳೆಯಂಥ ಗಾಜಿನಲ್ಲಿ ಓಡಿಬರುವ ಬೆಳಕು. ಎರಡನೆಯದು ವೈಫೈ, ಅದು ರೇಡಿಯೋ. ನಾವು ಎರಡನ್ನೂ ಸೇರಿಸಿ 'ನೆಟ್' ಅಂತೀವಿ, ಗೊಂದಲ ಶುರುವಾಗೋದೇ ಅಲ್ಲಿ. ನಿಮ್ಮ ಮನೆಯಲ್ಲಿ ನಳಕ್ಕೆ ನೀರು ಬಂದಿದೆ. ಅದನ್ನು ಅಡಿಗೆಮನೆಗೆ ಹೊತ್ತು ತರೋರು ದಾರಿಯಲ್ಲೇ ಸುಸ್ತಾಗಿದ್ದಾರೆ. ನಳ ದೊಡ್ಡದು ಹಾಕಿಸಿ ಏನು ಉಪಯೋಗ?

ಮೊದಲು ಯಾವ ತುಂಡು ಕೆಟ್ಟಿದೆ ಅಂತ ನೋಡಿ. ಲ್ಯಾಪ್‌ಟಾಪ್ ಇದ್ದರೆ ರೂಟರ್‌ಗೆ ಲ್ಯಾನ್ ವೈರ್ (ಕಂಪ್ಯೂಟರಿಗೆ ನೆಟ್ ತರೋ ವೈರ್) ಚುಚ್ಚಿ ಸ್ಪೀಡ್ ಟೆಸ್ಟ್ ಮಾಡಿ, ಬೆಳಿಗ್ಗೆ ಒಂದ್ಸಲ, ಊರೆಲ್ಲ ಸೀರಿಯಲ್ಲು, ಕ್ರಿಕೆಟ್ಟು ನೋಡೋ ರಾತ್ರಿ ಒಂಬತ್ತರ ಹೊತ್ತಿಗೆ ಇನ್ನೊಂದ್ಸಲ. ಎರಡೂ ಸಲ 90ರ ಮೇಲೆ ಬಂದರೆ ಕಂಪನಿಯವರು ಹೇಳಿದ್ದು ನಿಜ. ವೈರಿನಲ್ಲೇ 20 ಬಂದರೆ ಆಗ ಜೋರು ಮಾಡಿ, ನಾನೂ ನಿಮ್ಮ ಜೊತೆ.

ನಿಮ್ಮ ಪತ್ರ ನೋಡಿದರೆ ತಪ್ಪು ಗೋಡೆಯದು ಅನ್ಸುತ್ತೆ. ಹಳೇ ಮನೆಗಳ ಕಲ್ಲು-ಮಣ್ಣಿನ ಗೋಡೆ ಒಂದೂವರೆ ಅಡಿ, ಎರಡು ಅಡಿ ದಪ್ಪ ಇರುತ್ತೆ. ಬೇಸಿಗೆಯಲ್ಲಿ ಮನೆ ತಂಪಾಗಿಡೋ ಅದೇ ಗೋಡೆ ವೈಫೈಯನ್ನೂ ನುಂಗುತ್ತೆ. ಈಗಿನ ಹೆಚ್ಚಿನ ರೂಟರ್‌ಗಳು ಎರಡು ಬಗೆಯ ಸಿಗ್ನಲ್ ಬಿಡುತ್ತವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. 5ರದ್ದು ವೇಗ ಜಾಸ್ತಿ, ಆದರೆ ಗೋಡೆ ಕಂಡರೆ ಸೋಲುತ್ತೆ. 2.4ರದ್ದು ನಿಧಾನ, ಆದರೆ ದೂರ ಹೋಗುತ್ತೆ, ಗೋಡೆಯನ್ನೂ ಅಷ್ಟಿಷ್ಟು ದಾಟುತ್ತೆ. ಪಡಸಾಲೆಯಲ್ಲಿ 5 ಹಿಡಿಯಿರಿ, ಅಡಿಗೆಮನೆಯಲ್ಲಿ 2.4. ಒಂದು ಮಾತು, ಮೈಕ್ರೋವೇವ್ ಓವನ್ ಕೆಲಸ ಮಾಡೋದೂ 2.4ರ ಆಸುಪಾಸಿನಲ್ಲೇ, ಅದು ತಿರುಗುವಾಗ ವಿಡಿಯೋ ನಿಂತರೆ ಗಾಬರಿ ಬೇಡ.

ಇನ್ನು ರೂಟರ್ ಎಲ್ಲಿಟ್ಟಿದ್ದೀರಿ? ಹೆಚ್ಚಿನ ಮನೆಗಳಲ್ಲಿ ಕಂಪನಿ ಹುಡುಗರು ಬಂದು ಬಾಗಿಲ ಪಕ್ಕ ಮೊಳೆ ಹೊಡೆದು, ವೈರ್ ಉಳಿಸಿಕೊಂಡು ಹೋಗಿರ್ತಾರೆ. ಅಥವಾ ಚಂದ ಕಾಣಲ್ಲ ಅಂತ ನಾವೇ ತಿಜೋರಿ ಹಿಂದೆ ಬಚ್ಚಿಡ್ತೀವಿ. ಕಬ್ಬಿಣದ ತಿಜೋರಿ ದಾಟಿ ರೇಡಿಯೋ ಹೋಗಲ್ಲ, ತಿರುಗಿ ಬರುತ್ತೆ. ಫ್ರಿಜ್, ದೊಡ್ಡ ಕನ್ನಡಿ, ನೀರಿನ ಡ್ರಮ್ಮು ಎಲ್ಲಾ ಹಾಗೇ ಅಡ್ಡಗಾಲು. ರೂಟರನ್ನು ನಡುಮನೆಗೆ ತಂದು, ಎದೆಯೆತ್ತರಕ್ಕಿಂತ ಮೇಲೆ, ಬಯಲಲ್ಲಿ ಇಡಿ. ಆಗಲೂ ಹಿಂದುಗಡೆ ಸಾಲದಿದ್ದರೆ ಒಂದು ಲ್ಯಾನ್ ವೈರ್ ಎಳೆಸಿ, ಅಡಿಗೆಮನೆ ಹತ್ತಿರ ಎರಡನೇ ರೂಟರ್ ಹಾಕಿಸಿ. ವೈರ್ ಇಲ್ಲದೆ ಪ್ಲಗ್‌ಗೆ ಚುಚ್ಚುವ ಅಗ್ಗದ ರಿಪೀಟರ್ ಸಿಗುತ್ತೆ ನಿಜ. ಅದು ಒಂದೇ ರೇಡಿಯೋದಲ್ಲಿ ಕೇಳೋದನ್ನೂ ಹೇಳೋದನ್ನೂ ಮಾಡಬೇಕು, ಹಾಗಾಗಿ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತೆ. ನಾನಾದರೆ ವೈರೇ ಎಳೆಸ್ತೀನಿ.

ವೈರ್ ಅಂದಕೂಡಲೇ ನನ್ನದೇ ಒಂದು ಪೆದ್ದತನ ನೆನಪಾಯ್ತು. ಹೋದ ವರ್ಷ 100ರಿಂದ 300ರ ಪ್ಲಾನ್‌ಗೆ ಹೋದೆ. ಕಂಪ್ಯೂಟರ್‌ನಲ್ಲಿ ಸ್ಪೀಡ್ 94. ಮರುದಿನ 94. ವಾರ ಬಿಟ್ಟು ನೋಡಿದರೂ 94. ಫೋನಿನಲ್ಲಿ ಕಂಪನಿ ಹುಡುಗನಿಗೆ ಬಾಯಿಗೆ ಬಂದದ್ದು ಅಂದೆ. ಅವನು ಮನೆಗೆ ಬಂದ, ಏನೂ ಮಾತಾಡದೆ ವೈರ್ ಹಿಡಿದುಕೊಂಡು ನಡೆದ, ಕೋಣೆ ಬಾಗಿಲ ಹತ್ತಿರ ನಿಂತ. ದಿನಾ ಬಾಗಿಲು ಹಾಕಿ ತೆಗೆದು ವೈರ್ ಚಪ್ಪಟೆಯಾಗಿತ್ತು, ಸಿಪ್ಪೆ ಬಿಚ್ಚಿ ನೋಡಿದರೆ ಒಳಗಿನ ಎಂಟು ಎಳೆಗಳಲ್ಲಿ ನೀಲಿಯದೊಂದು ತುಂಡಾಗಿತ್ತು. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ವೇಗಕ್ಕೆ ಎಂಟೂ ಎಳೆ ಬೇಕು. 100ಕ್ಕೆ ನಾಲ್ಕೇ ಸಾಕು. ಹಾಗಾಗಿ ನೆಟ್ ನಿಲ್ಲದೆ ತಣ್ಣಗೆ 100ಕ್ಕೆ ಇಳಿದು ಕೂತಿತ್ತು. ನಿಮ್ಮಲ್ಲೂ 94-95ಕ್ಕೆ ಗೂಟ ಹೊಡೆದಂತೆ ನಿಂತಿದ್ದರೆ ಮೊದಲು ವೈರ್ ನೋಡಿ, ಆಮೇಲೆ ಬೈಯಿರಿ. ಆ ಹುಡುಗನಿಗೆ ಚಹಾ ಕೊಟ್ಟು ಕಳಿಸಿದೆ, ಇನ್ನೇನು ಮಾಡೋದು.

ಪ್ರಶ್ನೆ: 100 ಎಂಬಿಪಿಎಸ್ ಅಂತ ಹೇಳಿ ಮೋಸ ಮಾಡ್ತಿದ್ದಾರೆ ಸರ್. ಫೈಲ್ ಇಳಿಸುವಾಗ 12 ಅಷ್ಟೇ ತೋರಿಸುತ್ತೆ.
– ಕಾಲೇಜು ವಿದ್ಯಾರ್ಥಿ, ಗದಗ

ಉತ್ತರ: ಮೋಸ ಅಲ್ಲ, ಅಳತೆ ಬೇರೆ. ಕಂಪನಿ ಹೇಳೋದು ಬಿಟ್‌ನಲ್ಲಿ, ಫೈಲ್ ಇಳಿಯೋದು ಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. 100ನ್ನು 8ರಿಂದ ಭಾಗಿಸಿದರೆ 12.5. ನಿಮಗೆ ಪೂರ್ತಿ ಸಿಗ್ತಿದೆ. ಬಿಟ್‌ನಲ್ಲಿ ಹೇಳಿದರೆ ಅಂಕಿ ದೊಡ್ಡದಾಗಿ ಕಾಣುತ್ತೆ, ಜಾಹೀರಾತಿನವರು ಅದನ್ನು ಬಿಟ್ಟುಕೊಡ್ತಾರಾ?

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನಮ್ಮದು. ಸೀಸನ್‌ನಲ್ಲಿ ಟೆಂಡರ್‌ಗೆ ದರ ಹಾಕೋ ಹೊತ್ತಿಗೇ ನೆಟ್ ಹೋಗುತ್ತೆ. ಡಬ್ಬಿಯಲ್ಲಿ ಕೆಂಪು ಲೈಟ್ ಮಿಣಮಿಣ ಅನ್ನುತ್ತೆ. ಹತ್ತು ಸಲ ಆಫ್ ಆನ್ ಮಾಡಿದರೂ ಅಷ್ಟೇ.
– ವ್ಯಾಪಾರಸ್ಥರು, ಹಾವೇರಿ ಜಿಲ್ಲೆ

ಉತ್ತರ: ಆ ಕೆಂಪು ಲೈಟ್ ಪಕ್ಕ 'ಎಲ್‌ಒಎಸ್' ಅಂತ ಬರೆದಿದ್ದರೆ, ಹೊರಗಿಂದ ಬರುವ ಬೆಳಕೇ ಡಬ್ಬಿಗೆ ಮುಟ್ಟುತ್ತಿಲ್ಲ ಅಂತ ಅರ್ಥ. ಎಷ್ಟು ಸಲ ಆಫ್ ಆನ್ ಮಾಡಿದರೂ ತುಂಡಾದ ಗಾಜು ಕೂಡಲ್ಲ. ಒಂದೋ ಕಂಬದ ಮೇಲೆ ಎಲ್ಲೋ ಲಾರಿ ತಾಗಿ ಅಥವಾ ಮಂಗ ಜೋತು ಬಿದ್ದು ಕೇಬಲ್ ಹರಿದಿದೆ, ಇಲ್ಲಾ ಏರಿಯಾದ ಕೇಬಲ್ ಆಫೀಸಿನಲ್ಲೇ ಕರೆಂಟ್ ಹೋಗಿದೆ. ಅಂಗಡಿ ಒಳಗೆ ಚೀಲದ ಅಡಿಯಲ್ಲಿ ವೈರ್ ಮಡಚಿಕೊಂಡಿದ್ದರೂ ಹೀಗಾಗುತ್ತೆ. ತಾಮ್ರದ ವೈರಿನಂತೆ ಫೈಬರನ್ನು ಮಡಚಿ ಮೊಳೆಗೆ ಸುತ್ತಬಾರದು.

ಎರಡು ಕೆಲಸ ಮಾಡಲೇಬೇಡಿ. ಡಬ್ಬಿ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ಒತ್ತಬೇಡಿ. ಅದು ರೀಸೆಟ್, ಸೆಟ್ಟಿಂಗ್ ಎಲ್ಲಾ ಅಳಿಸಿಹೋಗಿ ಲೈನ್ ಬಂದಮೇಲೂ ನೆಟ್ ಬರಲ್ಲ. ಇನ್ನೊಂದು, ಫೈಬರ್ ತುದಿ ಕಿತ್ತು ಕಣ್ಣಿಗೆ ಹಿಡಿದು ನೋಡಬೇಡಿ. ಅದರಲ್ಲಿರೋದು ಕಣ್ಣಿಗೆ ಕಾಣದ ಲೇಸರ್.

ಕರೆಂಟ್ ಹೋದಾಗ ಮಾತ್ರ ನೆಟ್ ಹೋಗುತ್ತೆ ಅಂದರೆ ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಸಾಕು. ತರೋ ಮುಂಚೆ ಅಡಾಪ್ಟರ್ ಮೇಲೆ ಬರೆದಿರೋ ವೋಲ್ಟು, ಆಂಪಿಯರ್ ನೋಡಿಕೊಳ್ಳಿ, ಹೆಚ್ಚಿನವು 12 ವೋಲ್ಟಿನವು. ದರ ಹಾಕೋ ದಿನ ಬೇರೆ ಕಂಪನಿಯ ಸಿಮ್ ಇರೋ ಮೊಬೈಲ್‌ನಲ್ಲಿ ಹಾಟ್‌ಸ್ಪಾಟ್ ರೆಡಿ ಇಟ್ಕೊಳ್ಳಿ. ದರ ಹಾಕೋಕೆ ಬೇಕಾಗೋ ನೆಟ್ ಏನೇನೂ ಅಲ್ಲ, ಮೊಬೈಲಿನದು ಧಾರಾಳ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಐಪಿ (ನೆಟ್‌ನಲ್ಲಿ ಅದರ ವಿಳಾಸದ ನಂಬರ್) 192.168.1.5. ಕೇಶ್ವಾಪುರದಲ್ಲಿರೋ ಗೆಳೆಯನ ಲ್ಯಾಪ್‌ಟಾಪಿನದೂ ಅದೇ! ಯಾರಾದರೂ ನನ್ನ ನಂಬರ್ ಕದ್ದಿದ್ದಾರಾ?
– ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಹುಬ್ಬಳ್ಳಿಯ ಪ್ರತಿ ಲಾಡ್ಜಿನಲ್ಲೂ 5ನೇ ನಂಬರ್ ರೂಮ್ ಇರುತ್ತೆ, ಅಲ್ವಾ? ಹಾಗೇ ಇದೂ. 192.168ರಿಂದ ಶುರುವಾಗೋ ನಂಬರ್‌ಗಳು ಮನೆಯೊಳಗಿನ ಬಳಕೆಗೆ ಅಂತಲೇ ಮೀಸಲು, ಹೊರಗಿನ ಇಂಟರ್ನೆಟ್‌ನಲ್ಲಿ ಅವು ನಡೆಯಲ್ಲ. ಹಳೇ ಲೆಕ್ಕದ ಐಪಿ ನಂಬರ್ ಇರೋದೇ ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ. ಮನೆಗೆ ನಾಲ್ಕು ಫೋನ್ ಆದಮೇಲೆ ಅದು ಎಲ್ಲಿ ಸಾಲುತ್ತೆ? ಅದಕ್ಕೇ ಮನೆಮಂದಿಯೆಲ್ಲ ಹೊರಗೆ ಒಂದೇ ನಂಬರ್ ಬಳಸ್ತಾರೆ, ಬಂದದ್ದನ್ನು ಯಾವ ಫೋನಿಗೆ ಕೊಡಬೇಕು ಅಂತ ರೂಟರ್ ನೆನಪಿಟ್ಟುಕೊಳ್ಳುತ್ತೆ, ಲಾಡ್ಜಿನ ಕೌಂಟರ್‌ನವನಂತೆ. ಈಗ ಎಷ್ಟೋ ಕಂಪನಿಗಳು ನೂರಾರು ಮನೆಗೆ ಸೇರಿಸಿಯೂ ಒಂದೇ ನಂಬರ್ ಕೊಡ್ತಾರೆ. ಮನೆಯ ಸಿಸಿ ಕ್ಯಾಮೆರಾವನ್ನು ಊರಾಚೆಯಿಂದ ನೇರವಾಗಿ ನೋಡೋಕೆ ಹೋದರೆ ಸಿಗದಿರೋದು ಇದರಿಂದಲೇ.

ನೀನು ಪತ್ರದ ಕೊನೆಗೆ ಗೇಮ್‌ನ ಪಿಂಗ್ ಬಗ್ಗೆಯೂ, ಅಂದರೆ ಸಂದೇಶ ಸರ್ವರ್‌ವರೆಗೆ ಹೋಗಿಬರೋಕೆ ಹಿಡಿಯೋ ಸಮಯದ ಬಗ್ಗೆಯೂ ಕೇಳಿದ್ದೀಯ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತೆ. ಬೆಂಗಳೂರು ಇಲ್ಲಿಂದ 400 ಕಿಲೋಮೀಟರ್, ಹೋಗಿಬರೋಕೆ 4 ಮಿಲಿಸೆಕೆಂಡ್. ಗೇಮಿನ ಸರ್ವರ್ ಸಿಂಗಾಪುರದಲ್ಲಿದ್ದರೆ ನೇರ ಗೆರೆ ಎಳೆದರೂ 35ರ ಹತ್ತಿರ ಆಗುತ್ತೆ. ಅಪ್ಪನ ಹತ್ತಿರ ಹಟ ಹಿಡಿದು ದೊಡ್ಡ ಪ್ಲಾನ್ ಹಾಕಿಸಿದರೂ ಸಿಂಗಾಪುರ ಹತ್ತಿರ ಬರಲ್ಲಪ್ಪಾ.

ಪ್ರಶ್ನೆ: ಪಕ್ಕದ ಮನೆಯವರು ವೈಫೈ ಪಾಸ್‌ವರ್ಡ್ ಕೇಳ್ತಾರೆ. ಕೊಡಬಹುದಾ? ಇಲ್ಲ ಅನ್ನೋಕೆ ದಾಕ್ಷಿಣ್ಯ.
– ನಿವೃತ್ತ ಶಿಕ್ಷಕರು, ಶಿಗ್ಗಾಂವಿ

ಉತ್ತರ: ಅವರು ನೆಟ್‌ನಲ್ಲಿ ಏನೇ ಮಾಡಿದರೂ ಹೊರಗೆ ಕಾಣೋದು ನಿಮ್ಮ ಮನೆಯ ಕನೆಕ್ಷನ್, ವಿಚಾರಣೆ ಬಂದರೆ ನಿಮ್ಮ ಬಾಗಿಲಿಗೇ. ದಿನವಹಿ ಬಳಕೆಗೆ ಕೊಡಬೇಡಿ. ನೆಂಟರು ಬಂದಾಗ ಕೊಡಲೇಬೇಕಾದರೆ ರೂಟರ್‌ನಲ್ಲಿ 'ಗೆಸ್ಟ್' ಅಂತ ಬೇರೆ ವೈಫೈ ಮಾಡುವ ಸೌಲಭ್ಯ ಇರುತ್ತೆ, ಅದರ ಪಾಸ್‌ವರ್ಡ್ ಕೊಡಿ, ಅವರು ಹೋದಮೇಲೆ ಆಫ್ ಮಾಡಿ. ಪಕ್ಕದ ಮನೆಯವರಿಗೆ "ಪಾಸ್‌ವರ್ಡ್ ಮಗ ಹಾಕಿದ್ದು, ನಂಗೆ ಗೊತ್ತಿಲ್ರೀ" ಅಂದುಬಿಡಿ. ನಮ್ಮ ಓಣಿಯಲ್ಲಿ ಎಲ್ಲರೂ ಹಾಗೇ ಅನ್ನೋದು.