ಬೇರೆ ದೇಶದ ಊಟದ ಹೋಟೆಲ್ ಅಸಲಿಯೋ ಅಲ್ವೋ ಅಂತ ಗುರುತಿಸುವುದು ಹೇಗೆ?

ಒಳಗೆ ಆ ದೇಶದವರು ಎಷ್ಟು ಜನ ಕೂತಿದ್ದಾರೆ, ಅಡುಗೆಯವರು ಎಲ್ಲಿಯವರು, ತಟ್ಟೆ ಚಮಚ ಅಲ್ಲಿಯ ಹಾಗಿವೆಯಾ. ಇವನ್ನು ನೋಡಿದರೆ ಸಾಕಾ ಅಂತ ನೀವು ಪ್ರಶ್ನೆಯ ಜೊತೆ ಕೊಟ್ಟ ಈ ಪಟ್ಟಿ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಐದು ವರ್ಷದ ಹಿಂದೆ ನನ್ನ ತಲೆಯಲ್ಲೂ ಇದೇ ಪಟ್ಟಿ ಇತ್ತು. ಅದನ್ನು ಹಿಡಿದುಕೊಂಡೇ ಒಂದು ಒಳ್ಳೆಯ ಥಾಯ್ ಹೋಟೆಲಿನ ಊಟವನ್ನು ಕೆಡಿಸಿದೆ. ಅದನ್ನೇ ಹೇಳ್ತೀನಿ.

ಆರೇಳು ಟೇಬಲ್ಲಿನ ಚಿಕ್ಕ ಜಾಗ. ಅಡುಗೆ ಮಾಡುತ್ತಿದ್ದವರೇ ಮಾಲೀಕರು, ನೇಪಾಳದವರು. ಮೊದಲ ಸಲ ಹೋದಾಗ ಅವರ ಮುಖ ನೋಡಿಯೇ ನನಗೆ ಅನುಮಾನ ಶುರುವಾಯಿತು. ಅನ್ನ, ಹಸಿರು ಕರಿ ಅನ್ನುವ ತೆಂಗಿನಹಾಲಿನ ಗೊಜ್ಜು, ತೊಂ ಯಂ ಅನ್ನುವ ಹುಳಿ ಖಾರದ ಸೂಪ್ ತರಿಸಿದೆ. ಜೊತೆಗೆ ಬಂದಿದ್ದು ಒಂದು ಚಮಚ, ಒಂದು ಫೋರ್ಕ್. ಚಾಪ್‌ಸ್ಟಿಕ್ ಕೇಳಿದೆ. "ಅನ್ನಕ್ಕೆ ಬೇಡ ಸರ್" ಅಂದರು. ಸೂಪಿನಲ್ಲಿ ಅಗಿಯೋಕೆ ಆಗದ ಕಡ್ಡಿಗಳು, ದಪ್ಪ ಎಲೆಗಳು. ಟೇಬಲ್ ಮೇಲೆ ನಾಲ್ಕು ಪುಟ್ಟ ಡಬ್ಬಿ, ಅದರಲ್ಲಿ ಒಂದರಲ್ಲಿ ಸಕ್ಕರೆ!

ಮನೆಗೆ ಬಂದು ಉದ್ದಕ್ಕೆ ರಿವ್ಯೂ ಬರೆದೆ. ಒಂದೇ ಸ್ಟಾರ್. ಚಾಪ್‌ಸ್ಟಿಕ್ ಕೂಡ ಇಲ್ಲದ ಥಾಯ್ ಹೋಟೆಲ್, ಸೂಪಿನಲ್ಲಿ ಸೌದೆ, ಅಡುಗೆಯವರು ಥಾಯ್‌ಲ್ಯಾಂಡಿನವರೇ ಅಲ್ಲ, ಅಸಲಿ ಬೇಕಾದವರು ಈ ಕಡೆ ಬರಬೇಡಿ ಅಂತ. ನೂರಾರು ಜನ ಅದನ್ನು ಮೆಚ್ಚಿದರು. ನನಗೆ ಹೆಮ್ಮೆಯೂ ಆಯಿತು.

ನನ್ನ ತಪ್ಪು ಎಲ್ಲಿ ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ಎಷ್ಟೋ ಜನ ಇದೇ ಜಾಗದಲ್ಲಿ ಎಡವುತ್ತಾರೆ. ಥಾಯ್ ಜನ ಅನ್ನವನ್ನು ಚಾಪ್‌ಸ್ಟಿಕ್‌ನಲ್ಲಿ ತಿನ್ನುವುದಿಲ್ಲ. ಮೊದಲು ಕೈಯಲ್ಲಿ ತಿನ್ನುತ್ತಿದ್ದರು. ಚಮಚ, ಫೋರ್ಕ್ ಆಮೇಲೆ ಯುರೋಪಿನಿಂದ ಬಂದವು, ಅರಮನೆಯಲ್ಲಿ ಮೊದಲು ರೂಢಿಯಾಗಿ ನಂತರ ಮನೆಮನೆಗೆ ಇಳಿದವು. ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್. ಫೋರ್ಕ್ ಇರುವುದು ಅನ್ನವನ್ನು ಚಮಚಕ್ಕೆ ತಳ್ಳೋಕೆ, ಬಾಯಿಗೆ ಹೋಗುವುದು ಚಮಚ. ಈಶಾನ್ಯದ ಈಸಾನ್ ಕಡೆ ಅಂಟನ್ನವನ್ನು ಇವತ್ತಿಗೂ ಕೈಯಲ್ಲೇ ಉಂಡೆ ಕಟ್ಟಿ ತಿನ್ನುತ್ತಾರೆ. ಚಾಪ್‌ಸ್ಟಿಕ್ ಹಿಡಿಯುವುದು ಹೆಚ್ಚಾಗಿ ನೂಡಲ್ ಸೂಪಿಗೆ, ಅದು ಚೀನಾ ಕಡೆಯಿಂದ ಬಂದವರ ಜೊತೆ ಬಂದ ಊಟ. ಸೂಪಿನಲ್ಲಿದ್ದ ಕಡ್ಡಿ ಮಜ್ಜಿಗೆ ಹುಲ್ಲು, ಅಂದರೆ ಲೆಮನ್ ಗ್ರಾಸ್. ಬಿಲ್ಲೆ ಬಿಲ್ಲೆಯಾಗಿದ್ದದ್ದು ಗಲಂಗಲ್ ಅನ್ನುವ ಶುಂಠಿ ಜಾತಿಯ ಗೆಡ್ಡೆ. ಎಲೆ ಕಾಡು ನಿಂಬೆಯ ತರಹದ ಒಂದು ಗಿಡದ್ದು. ಮೂರೂ ಘಮಕ್ಕೆ, ತಿನ್ನೋಕಲ್ಲ. ಬಟ್ಟಲಿನ ಬದಿಗೆ ಸರಿಸಿ ಸಾರು ಕುಡಿಯಬೇಕು. ಡಬ್ಬಿಗಳಲ್ಲಿ ಸಕ್ಕರೆ, ಮೆಣಸಿನಕಾಯಿ ಹಾಕಿದ ಫಿಶ್ ಸಾಸ್, ಮೆಣಸಿನಕಾಯಿ ಹಾಕಿದ ವಿನೆಗರ್, ಒಣಮೆಣಸಿನ ಪುಡಿ ಇರುತ್ತವೆ. ನೂಡಲ್ಸನ್ನು ಅವರವರ ಬಾಯಿಗೆ ತಕ್ಕ ಹಾಗೆ ಹದ ಮಾಡಿಕೊಳ್ಳೋಕೆ. ಅಂದರೆ ನಾನು ದೂರಿದ ಒಂದೊಂದೂ ಆ ಜಾಗ ಸರಿಯಾಗಿದೆ ಅನ್ನುವುದಕ್ಕೆ ಗುರುತು. ನನ್ನ ತಲೆಯಲ್ಲಿದ್ದ ಥಾಯ್ ಊಟದ ಚಿತ್ರವನ್ನೇ ನಾನು ಅಸಲಿ ಅಂದುಕೊಂಡಿದ್ದೆ. ಆ ಚಿತ್ರ ಎಲ್ಲಿಂದ ಬಂತು ಅಂತ ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಇದೆಲ್ಲ ಗೊತ್ತಾಗಿದ್ದು ಒಂದು ವರ್ಷದ ಮೇಲೆ. ಆಫೀಸಿಗೆ ಬ್ಯಾಂಕಾಕ್‌ನವರೊಬ್ಬರು ಬಂದರು. ಒಂದು ಶುಕ್ರವಾರ ಅವರನ್ನು ಊಟಕ್ಕೆ ಕರೆದೆ. ನನಗೆ ಇಷ್ಟದ ಜಾಗಕ್ಕೆ, ಬುದ್ಧನ ವಿಗ್ರಹ, ಆರ್ಕಿಡ್ ಹೂವು, ಕೆತ್ತನೆಯ ಚಾಪ್‌ಸ್ಟಿಕ್ ಎಲ್ಲ ಇದ್ದ ದೊಡ್ಡ ರೆಸ್ಟೋರೆಂಟಿಗೆ. ಅವರು ಚಾಪ್‌ಸ್ಟಿಕ್ ಪಕ್ಕಕ್ಕಿಟ್ಟು ಮೆಲ್ಲಗೆ ಚಮಚ ಕೇಳಿದರು. ಕರಿಯಲ್ಲಿ ಒಂದು ಚೂರು ಎತ್ತಿ ಮೂಸಿ, "ಇದು ಬರೀ ಶುಂಠಿ, ಗಲಂಗಲ್ ಅಲ್ಲ" ಅಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, "ನಾನು ಈ ಊರಿಗೆ ಬಂದ ಹೊಸದರಲ್ಲಿ ಒಂದು ಚಿಕ್ಕ ಜಾಗ ಇತ್ತು. ನಮ್ಮಮ್ಮ ಮಾಡಿದ ಹಾಗೇ ಇರುತ್ತಿತ್ತು. ಈಗ ಅದೂ ಹೀಗೇ ಆಗಿಬಿಟ್ಟಿದೆ" ಅಂದರು.

ಯಾವ ಜಾಗ ಅಂತ ನೀವು ಊಹಿಸಿರುತ್ತೀರಿ.

ಮರುದಿನವೇ ಅಲ್ಲಿಗೆ ಹೋದೆ. ಪ್ರತಿ ಟೇಬಲ್ ಮೇಲೂ ಲೋಟದ ತುಂಬ ಚಾಪ್‌ಸ್ಟಿಕ್. ಡಬ್ಬಿಗಳು ಮಾಯ. ಸೂಪನ್ನು ಸೋಸಿ ಕೊಟ್ಟರು, ಹುಳಿ ಕಮ್ಮಿ, ಸಿಹಿ ಜಾಸ್ತಿ. ಗೋಡೆಗೆ ಬುದ್ಧನ ಪಟ ಬಂದಿತ್ತು. ನಾನು ಯಾರು ಅಂತ ಹೇಳಿಕೊಂಡೆ. ಮಾಲೀಕರು ಬೈಯಲಿಲ್ಲ. "ಬಂದವರೆಲ್ಲ ಅದನ್ನು ಓದಿಕೊಂಡು ಬರ್ತಿದ್ರು ಸರ್. ಕೂತ ತಕ್ಷಣ ಚಾಪ್‌ಸ್ಟಿಕ್ ಕೇಳೋರು. ಎಷ್ಟು ಜನಕ್ಕೆ ಅಂತ ವಿವರಿಸಲಿ? ಬಾಡಿಗೆ ಕಟ್ಟಬೇಕಲ್ಲ" ಅಂದರು. ಅವರು ಹನ್ನೊಂದು ವರ್ಷ ಬ್ಯಾಂಕಾಕಿನ ಹೋಟೆಲಿನಲ್ಲಿ ಅಡುಗೆ ಮಾಡಿದವರು ಅಂತ ಆಗ ತಿಳಿಯಿತು. ನಾನು ಅಸಲಿ ಬೇಕು ಅಂತ ಕೂಗಿದ್ದಕ್ಕೆ ಅಸಲಿ ಊಟ ಹೋಯಿತು. ಇದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಸಲಿ ಅನ್ನುವುದು ನೀವಂದುಕೊಂಡಷ್ಟು ಹಳೆಯದೂ ಅಲ್ಲ, ಗಟ್ಟಿಯೂ ಅಲ್ಲ. ಪಾಡ್ ಥಾಯ್ ಅನ್ನುವ ಹುರಿದ ನೂಡಲ್ಸ್ ಥಾಯ್‌ಲ್ಯಾಂಡಿನ ರಾಷ್ಟ್ರದ ತಿಂಡಿಯಾಗಿದ್ದು ಸುಮಾರು 1940ರ ಆಸುಪಾಸಿನಲ್ಲಿ, ಆಗಿನ ಪ್ರಧಾನಿ ಫಿಬೂನ್ ಅವರ ಸರ್ಕಾರ ಅದನ್ನು ಬೇಕಂತಲೇ ಪ್ರಚಾರ ಮಾಡಿದ್ದರಿಂದ. ಥಾಯ್ ಊಟಕ್ಕೆ ಖಾರ ಕೊಡುವ ಮೆಣಸಿನಕಾಯಿಯೇ ಅಮೆರಿಕ ಖಂಡದ್ದು. ಜಪಾನಿನ ಸುಶಿ ಅನ್ನುವ ಅನ್ನದ ತಿಂಡಿಯ ಮೇಲೆ ಹಸಿ ಸಾಲ್ಮನ್ ಮೀನು ಬಂದಿದ್ದು 1980ರ ದಶಕದಲ್ಲಿ ನಾರ್ವೆಯವರು ತಮ್ಮ ಮೀನು ಮಾರಲು ಪಟ್ಟುಹಿಡಿದ ಮೇಲೆ. ಬ್ರಿಟನ್ನಿನ 'ಇಂಡಿಯನ್' ಹೋಟೆಲುಗಳಲ್ಲಿ ಬಹಳಷ್ಟನ್ನು ನಡೆಸಿಕೊಂಡು ಬಂದವರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಹೀಗಿರುವಾಗ ಪಾಸ್‌ಪೋರ್ಟ್ ನೋಡಿ ರುಚಿ ಅಳೆಯೋಕೆ ಆಗುತ್ತಾ? ಕೆಲವು ಸಲ ಕಾನೂನೇ ಅಡ್ಡ ಬರುತ್ತದೆ. ಅಮೆರಿಕಕ್ಕೆ ಸಿಚುವಾನ್ ಪೆಪ್ಪರ್ ಅನ್ನುವ, ನಾಲಿಗೆ ಜುಮ್ಮೆನಿಸುವ ಚೀನಾದ ಮಸಾಲೆ ತರಿಸುವುದಕ್ಕೆ 1968ರಿಂದ 2005ರವರೆಗೆ ನಿಷೇಧ ಇತ್ತು, ಕಿತ್ತಳೆ ನಿಂಬೆ ಗಿಡಗಳಿಗೆ ರೋಗ ಹರಡುತ್ತದೆ ಅಂತ. ಅಲ್ಲಿ ನಾಲಿಗೆ ಜುಮ್ಮೆನ್ನದ ಸಿಚುವಾನ್ ಊಟ ಬಡಿಸಿದವರನ್ನು ಮೋಸಗಾರರು ಅನ್ನೋಕೆ ನನಗಂತೂ ಮನಸ್ಸು ಬರುವುದಿಲ್ಲ.

ಒಳಗೆ ಆ ದೇಶದವರು ತುಂಬಿದ್ದರೆ ಒಳ್ಳೆಯದೇ. ಆದರೆ ಅವರು ಕಮ್ಮಿ ಬೆಲೆಗೋ, ಗೆಳೆಯರು ಸಿಗುತ್ತಾರೆ ಅಂತಲೋ ಬಂದಿರಬಹುದು. ಅದೊಂದರ ಮೇಲೆ ತೀರ್ಮಾನ ಬೇಡ.

ಅಸಲಿ ಬಿಡಿ, ಶ್ರದ್ಧೆ ನೋಡಿ. ಥಾಯ್ ಹೋಟೆಲಿಗೆ ಹೋದರೆ ನಾನೀಗ ಮೊದಲು ಕಿವಿ ಕೊಡುತ್ತೇನೆ. ಸೊಂ ತಂ ಅನ್ನುವ ಪರಂಗಿಕಾಯಿಯ ಸಲಾಡ್ ಹೇಳಿದ ಮೇಲೆ ಒಳಗಿಂದ ಒರಳಿನಲ್ಲಿ ಕುಟ್ಟುವ ಟಕ್ ಟಕ್ ಸದ್ದು ಬರಬೇಕು. ಬಂತು ಅಂದರೆ ನನಗಾಗಿ ಈಗ ಮಾಡುತ್ತಿದ್ದಾರೆ ಅಂತ ಅರ್ಥ. ಹಸಿರು ಕರಿಯ ಮೇಲೆ ಎಣ್ಣೆಯ ತೆಳು ಪದರ ತೇಲುತ್ತಿದ್ದರೆ ಜಿಡ್ಡು ಅಂತ ದೂರಬೇಡಿ. ಗಟ್ಟಿ ತೆಂಗಿನಹಾಲನ್ನು ಎಣ್ಣೆ ಬಿಡುವ ತನಕ ಕಾಯಿಸಿ, ಅದರಲ್ಲಿ ಮಸಾಲೆ ಹುರಿದಿದ್ದಾರೆ ಅಂತ ಲೆಕ್ಕ. ಬೇರೆ ದೇಶದ ಊಟವಾದರೆ ಒಂದು ತಿಂಡಿ ಹಿಡಿದು ಅದನ್ನು ಹೇಗೆ ಮಾಡುತ್ತಾರೆ ಅಂತ ಮೊದಲು ಓದಿಕೊಂಡು ಹೋಗಿ. ವಿಚಿತ್ರವಾಗಿ ಕಂಡಿದ್ದನ್ನು ತಪ್ಪು ಅನ್ನುವ ಮೊದಲು "ಇದು ಯಾಕೆ ಹೀಗೆ?" ಅಂತ ಕೇಳಿ. "ನೀವು ಮಧ್ಯಾಹ್ನ ಏನು ಊಟ ಮಾಡಿದಿರಿ?" ಅಂತಲೂ ಕೇಳಿ. ನಾನು ತಿಂದ ಒಳ್ಳೆಯ ಊಟಗಳಲ್ಲಿ ಅರ್ಧ ಈ ಪ್ರಶ್ನೆಯಿಂದಲೇ ಸಿಕ್ಕಿದ್ದು. ಮತ್ತೆ, ದಯವಿಟ್ಟು, ಮೂರು ಸಲ ತಿನ್ನದೆ ರಿವ್ಯೂ ಬರೆಯಬೇಡಿ.

ನನ್ನ ರಿವ್ಯೂ ಅಳಿಸಿದೆ, ತಪ್ಪು ಒಪ್ಪಿಕೊಂಡು ಹೊಸದು ಬರೆದೆ. ಚಾಪ್‌ಸ್ಟಿಕ್ಕಿನ ಲೋಟಗಳು ಇನ್ನೂ ಅಲ್ಲೇ ಇವೆ, ಕೇಳುವವರು ಇನ್ನೂ ಬರುತ್ತಾರಂತೆ. ಆದರೆ ನಾನೂ ಆ ಬ್ಯಾಂಕಾಕಿನವರೂ ಹೋದರೆ ಮಾಲೀಕರು ಲೋಟ ಎತ್ತಿಕೊಂಡು ಹೋಗಿ ನಾಲ್ಕು ಡಬ್ಬಿ ತಂದಿಡುತ್ತಾರೆ. ಸೂಪು ಕಡ್ಡಿ ಎಲೆ ಸಮೇತ ಬರುತ್ತದೆ.